ಮೊದಲ ತಲೆಮಾರಿನ ಎಂಎಕ್ಸ್-5 ಕಾರಿಗೆ ಟೈರು: 14 ಇಂಚೋ, 15 ಇಂಚೋ?

1989ರಲ್ಲಿ ಬಂದ, 1.6 ಲೀಟರ್ ಎಂಜಿನ್ನಿನ ಮಜ್ದಾ ಎಂಎಕ್ಸ್-5 ಕಾರಿನ ಮೂಲ ಟೈರಿನ ಅಳತೆ 185/60 ಆರ್14: ಅಂದರೆ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 60, ಒಳಗಿನ ಚಕ್ರದ ವ್ಯಾಸ 14 ಇಂಚು. ಸವೆದ ಟೈರು ಬದಲಿಸುವವರು ಇದನ್ನೇ ಉಳಿಸಿಕೊಳ್ಳಬಹುದು, ಇಲ್ಲವೇ ಚಕ್ರಗಳನ್ನೂ ಬದಲಿಸಿ 195/50 ಆರ್15 ಹಾಕಿಸಬಹುದು. ಎರಡರ ಹೊರವ್ಯಾಸದ ಅಂತರ 2 ಮಿಲಿಮೀಟರಿಗಿಂತ ಕಡಿಮೆಯಾದ್ದರಿಂದ ಸ್ಪೀಡೋಮೀಟರಿನ ಲೆಕ್ಕ ಕೆಡುವುದಿಲ್ಲ. ವ್ಯತ್ಯಾಸವಿರುವುದು ಟೈರಿನ ಪಕ್ಕದ ಗೋಡೆಯಲ್ಲಿ.

ಮೂಲ ಅಳತೆಯಲ್ಲಿ ಆ ಗೋಡೆ 111 ಮಿಲಿಮೀಟರ್ ಎತ್ತರವಿದ್ದು ರಸ್ತೆಯ ಉಬ್ಬುತಗ್ಗುಗಳನ್ನು ಬಹುಮಟ್ಟಿಗೆ ತಾನೇ ನುಂಗಿಕೊಳ್ಳುತ್ತದೆಯಲ್ಲದೆ, ತಿರುವಿನಲ್ಲಿ ಹಿಡಿತ ತಪ್ಪುವ ಮುನ್ನ ಚಾಲಕನಿಗೆ ಮೆಲ್ಲನೆ ಸುಳಿವು ಕೊಡುತ್ತದೆ. ಸುಮಾರು ಒಂದು ಟನ್ ತೂಗುವ ಈ ಪುಟ್ಟ ಕಾರಿನ ಸೊಗಸಿರುವುದೇ, ನನ್ನ ಮಟ್ಟಿಗೆ, ಅಲ್ಲಿ. ಸುಮಾರು 97 ಮಿಲಿಮೀಟರ್ ಗೋಡೆಯ 195/50 ಟೈರು ಸ್ಟಿಯರಿಂಗಿಗೆ ಹೆಚ್ಚು ಚುರುಕಾಗಿ ಸ್ಪಂದಿಸುತ್ತದೆ, ಬಿಗಿ ಹಿಡಿತದ ಟೈರುಗಳ ಆಯ್ಕೆಯೂ ಅದರಲ್ಲೇ ಹೆಚ್ಚು. ಆದರೆ ಗಟ್ಟಿ ಛಾವಣಿಯಿಲ್ಲದ ಹಳೆಯ ಮೈಗೆ ಗುಂಡಿಗಳ ಏಟು ನೇರವಾಗಿ ತಟ್ಟಿ ನಡುಕ ಹೆಚ್ಚುತ್ತದೆ. ರೇಸ್ ಟ್ರ್ಯಾಕಿಗೆ ಇಳಿಯುವವರು ಅದನ್ನು ಸಹಿಸಿಕೊಂಡಾರು. ವಾರಾಂತ್ಯದ ಸುತ್ತಾಟಕ್ಕಷ್ಟೇ ಕಾರು ತೆಗೆಯುವವರಿಗೆ 14 ಇಂಚೇ ಸರಿ.

ಯಾವುದನ್ನು ಕೊಂಡರೂ ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳನ್ನು ಓದಿಯೇ ಹಣ ಕೊಡಬೇಕು. ಅಂಗಡಿಯವರು ರೂಢಿಯಂತೆ 32 ಪಿಎಸ್ಐ ಗಾಳಿ ತುಂಬಿದರೆ ಇಳಿಸಲು ಹೇಳಿ. ಮೂಲ ಟೈರಿಗೆ ಮಜ್ದಾ ಸೂಚಿಸಿದ್ದು 26.