ಭಾರಿ ಕಾರಿನಿಂದ ಕೆಳಗಿಳಿದರೆ ಉಳಿಯುವುದೆಷ್ಟು: ನಾಲ್ಕು ಕಾರುಗಳ ಲೀಟರ್ ಲೆಕ್ಕ

ಒಂಬತ್ತು ವರ್ಷ ಓಡಿಸಿದ ನನ್ನ ಹಳೆಯ ಕಾರು ಎರಡು ಲೀಟರ್ ಎಂಜಿನ್‌ನ, ಸುಮಾರು 1,700 ಕಿಲೋ ತೂಕದ, ಆಟೋಮ್ಯಾಟಿಕ್ ಗೇರಿನ ಪೆಟ್ರೋಲ್ ವಾಹನ. ಅದು ಲೀಟರಿಗೆ ಒಂಬತ್ತು ಕಿಲೋಮೀಟರ್ ಓಡುತ್ತಿತ್ತು. ವರ್ಷಕ್ಕೆ 12,000 ಕಿ.ಮೀ. ಓಡಾಡುವ ನನಗೆ ಅದರಿಂದ ತಗಲುತ್ತಿದ್ದುದು 1,333 ಲೀಟರ್ ಪೆಟ್ರೋಲು. ಇದರಲ್ಲಿ ಒಂದು ದೊಡ್ಡ ಪಾಲು ನಾನೊಬ್ಬನೇ ಕುಳಿತು ಆರು ಕಿಲೋಮೀಟರ್ ದೂರದ ಕಚೇರಿಗೆ ಹೋಗಿಬರುವುದಕ್ಕೆ ಸುಡುತ್ತಿದೆ ಎಂಬುದು ಮನಸ್ಸಿಗೆ ತಟ್ಟಿದ ಮೇಲೆ, ಅದನ್ನು ಮಾರಿ ಮಿತವ್ಯಯದ ಕಾರೊಂದನ್ನು ಕೊಳ್ಳಲು ನಿರ್ಧರಿಸಿದೆ. ಜಾಹೀರಾತಿನ ಮೈಲೇಜನ್ನು ನಂಬಿ ಕೊಳ್ಳುವ ಬದಲು ಸಣ್ಣ ಪೆಟ್ರೋಲ್, ಸಣ್ಣ ಡೀಸೆಲ್, ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವುದು), ವಿದ್ಯುತ್ ಎಂಬ ನಾಲ್ಕು ಬಗೆಯ ಕಾರುಗಳನ್ನು ಬಾಡಿಗೆಗೋ ಪರಿಚಿತರಿಂದಲೋ ಪಡೆದು, ನನ್ನದೇ ದಾರಿಯಲ್ಲಿ ಓಡಿಸಿ ನೋಡಿದೆ.

ಅಳತೆಯ ಕ್ರಮ ಸರಳವಾಗಿತ್ತು. ಟ್ಯಾಂಕ್ ತುಂಬಿಸಿ, ಪಂಪಿನ ನಳಿಕೆ ತಾನಾಗಿ ನಿಂತಲ್ಲಿಗೆ ನಿಲ್ಲಿಸಿ, ಓಡಿದ ದೂರವನ್ನು ಬರೆದಿಟ್ಟುಕೊಂಡು, ಮುಂದಿನ ಸಲ ಅದೇ ಪಂಪಿನಲ್ಲಿ ತುಂಬಿಸಿದಷ್ಟು ಲೀಟರಿನಿಂದ ಭಾಗಿಸುವುದು; ಹೀಗೆ ಇಂಧನ ತುಂಬಿಸುವ ಮೂರೂ ಕಾರುಗಳಿಗೆ ಮೂರು ಮೂರು ಟ್ಯಾಂಕ್. ಓಡಿಸುವ ಮುನ್ನ ಟೈರುಗಳಲ್ಲಿ ಸೂಚಿಸಿದಷ್ಟು ಗಾಳಿ ಇದೆಯೇ ಎಂದು ಪ್ರತಿ ಸಲವೂ ಪರೀಕ್ಷಿಸಿದೆ. ಸಣ್ಣ ಪೆಟ್ರೋಲ್ ಕಾರಿನ ಮೈಲೇಜ್ ಪರದೆ ಲೀಟರಿಗೆ 19.6 ಕಿ.ಮೀ. ಎಂದು ತೋರಿಸಿದಾಗ ನನ್ನ ಲೆಕ್ಕದಲ್ಲಿ ಬಂದದ್ದು 18. ಆದ್ದರಿಂದ ಪರದೆಯ ಮೇಲಿನ ಅಂಕಿಯನ್ನೇ ಹಿಡಿದು ಕಾರುಗಳನ್ನು ಹೋಲಿಸಬೇಡಿ ಎಂದು ಒತ್ತಿ ಹೇಳುತ್ತೇನೆ.

ಅದಕ್ಕಿಂತ ದೊಡ್ಡ ಮೋಸ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕದಲ್ಲಿಯೇ ಅಡಗಿದೆ. 10ರಿಂದ 15ಕ್ಕೆ ಏರುವುದೂ 20ರಿಂದ 25ಕ್ಕೆ ಏರುವುದೂ ಒಂದೇ ಎಂದು ನಮಗೆ ತೋರುತ್ತದೆ. ಸಾವಿರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಉಳಿಯುವುದು 33 ಲೀಟರ್, ಎರಡನೆಯದರಲ್ಲಿ ಬರೀ 10 ಲೀಟರ್. ಅಂದರೆ ಹೊಟ್ಟೆಬಾಕ ಕಾರನ್ನು ಬಿಟ್ಟು ಸಾಧಾರಣ ಮಿತವ್ಯಯದ ಕಾರಿಗೆ ಬರುವ ಮೊದಲ ಹೆಜ್ಜೆಯಲ್ಲಿಯೇ ಉಳಿತಾಯದ ಬಹುಭಾಗ ಸಿಕ್ಕಿಬಿಡುತ್ತದೆ. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಕೇಳುವ ರೂಢಿಯಿದ್ದರೆ ಈ ಭ್ರಮೆಗೆ ಆಸ್ಪದವೇ ಇರುವುದಿಲ್ಲ.

ಸಣ್ಣ ಪೆಟ್ರೋಲ್ ಕಾರು 1.2 ಲೀಟರ್ ಎಂಜಿನ್‌ನದು, ಕೈಗೇರಿನದು, ತೂಕ 900 ಕಿಲೋ ಆಸುಪಾಸು. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಿಸಿದಾಗ ಲೀಟರಿಗೆ 21 ಕಿ.ಮೀ. ಬಂತು, 110ರ ವೇಗದಲ್ಲಿ ಓಡಿಸಿದಾಗ ಹದಿನಾರೂವರೆಗೆ ಇಳಿಯಿತು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 80ರಲ್ಲಿ ಇದ್ದುದು 110ರಲ್ಲಿ ಸುಮಾರು 1.9 ಪಟ್ಟಾಗುತ್ತದೆ. ಕಚೇರಿಯ ದಾರಿಯಲ್ಲಿ ಬಂದದ್ದು 15 ಮಾತ್ರ, ಏಕೆಂದರೆ ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಬೇಡುತ್ತದೆ ಮತ್ತು ಆರು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಅದು ಸರಿಯಾಗಿ ಬಿಸಿಯಾಗಿರುವುದೂ ಇಲ್ಲ. ಒಟ್ಟು ಸರಾಸರಿ 18. ವರ್ಷಕ್ಕೆ 667 ಲೀಟರ್, ಹಳೆಯ ಕಾರಿನ ಸರಿಯಾಗಿ ಅರ್ಧ.

ಡೀಸೆಲ್ ಕಾರು 21 ಕಿ.ಮೀ. ಕೊಟ್ಟಿತು. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇಕಡ 10ಕ್ಕೂ ಹೆಚ್ಚು ಶಕ್ತಿಯಿರುವುದು ಇದಕ್ಕೆ ಒಂದು ಕಾರಣ. ಆದರೆ ಈಗಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿರುವ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳಬೇಕಾದರೆ ಎಂಜಿನ್ ಸಾಕಷ್ಟು ಹೊತ್ತು ಬಿಸಿಯಾಗಿ ಓಡಬೇಕು. ನನ್ನಂತೆ ದಿನವೂ ಆರು ಕಿಲೋಮೀಟರ್ ಓಡಾಡುವವರಿಗೆ ಅದು ಕಟ್ಟಿಕೊಳ್ಳುವ ಭಯ ತಪ್ಪಿದ್ದಲ್ಲ, ಕಟ್ಟಿಕೊಂಡರೆ ದುರಸ್ತಿಯ ಖರ್ಚೂ ಚಿಕ್ಕದಲ್ಲ. ಇದನ್ನು ಅಲ್ಲಿಗೇ ಕೈಬಿಟ್ಟೆ.

ನನ್ನ ಮನಸ್ಸನ್ನು ನಿಜವಾಗಿ ತೂಗಾಡಿಸಿದ್ದು ಹೈಬ್ರಿಡ್. 1997ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಮಾರಾಟಕ್ಕೆ ಬಂದಂದಿನಿಂದ ಬೆಳೆದುಬಂದ ತಂತ್ರಜ್ಞಾನವಾದ್ದರಿಂದ ಅದರ ವಿಷಯದಲ್ಲಿ ನನಗೆ ಅಂಜಿಕೆಯಿರಲಿಲ್ಲ. ಊರೊಳಗಿನ ದಟ್ಟಣೆಯಲ್ಲಿ, ಉಳಿದ ಕಾರುಗಳು ಸೋಲುವ ಜಾಗದಲ್ಲಿಯೇ, ಇದು 26 ಕಿ.ಮೀ. ಕೊಟ್ಟಿತು. ಬ್ರೇಕ್ ಒತ್ತಿದಾಗ ಬಿಸಿಯಾಗಿ ಪೋಲಾಗುವ ಶಕ್ತಿಯ ಒಂದು ಪಾಲನ್ನು ಮೋಟಾರು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಹೆಚ್ಚಿನ ಸಲ ಆರಿಯೇ ಇರುತ್ತದೆ. ಹೆದ್ದಾರಿಯಲ್ಲಿ ಬ್ರೇಕಿನ ಕೆಲಸವೇ ಕಡಿಮೆಯಾದ್ದರಿಂದ ಈ ಲಾಭ ಕರಗಿ 22ಕ್ಕೆ ಬಂತು. ಸರಾಸರಿ 24, ವರ್ಷಕ್ಕೆ 500 ಲೀಟರ್. ಸಣ್ಣ ಪೆಟ್ರೋಲ್ ಕಾರಿಗಿಂತ 167 ಲೀಟರ್ ಉಳಿತಾಯವೇನೋ ಹೌದು. ಆದರೆ ಒಂದೇ ವಯಸ್ಸಿನ ಈ ಎರಡೂ ಕಾರುಗಳ ಬೆಲೆಯ ಅಂತರವನ್ನು ಪೆಟ್ರೋಲಿನ ಲೀಟರಿಗೆ ಬದಲಾಯಿಸಿ ನೋಡಿದಾಗ ಅದು ಸುಮಾರು 2,000 ಲೀಟರ್ ಆಯಿತು. ಆ ಅಂತರ ತೀರಲು ಹನ್ನೆರಡು ವರ್ಷ ಬೇಕು. ಬೆಲೆಯನ್ನು ಹೀಗೆ ಲೀಟರಿನಲ್ಲಿ ಅಳೆದದ್ದೇ ನನ್ನ ಗೊಂದಲವನ್ನು ಬಿಡಿಸಿತು. ವರ್ಷಕ್ಕೆ 30,000 ಕಿ.ಮೀ. ಊರೊಳಗೇ ಓಡಿಸುವವರಿಗೆ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಅಂಥವರು ಹೈಬ್ರಿಡ್ ಕೊಳ್ಳುವುದೇ ಸರಿ.

ವಿದ್ಯುತ್ ಕಾರನ್ನು ಎರಡು ವಾರ ಓಡಿಸಿದೆ. ಚಾರ್ಜ್ ಮಾಡುವಾಗ ಆಗುವ ನಷ್ಟವನ್ನೂ ಸೇರಿಸಿ ನೂರು ಕಿಲೋಮೀಟರಿಗೆ 15 ಯೂನಿಟ್ ಹಿಡಿಯಿತು. ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್, ಒಂದು ಲೀಟರ್ ಪೆಟ್ರೋಲಿನಲ್ಲಿರುವುದು ಸುಮಾರು 34 ಮೆಗಾಜೂಲ್. ಅಂದರೆ ಆ 15 ಯೂನಿಟ್‌ನ ಶಕ್ತಿ ಒಂದೂವರೆ ಲೀಟರಿಗಿಂತ ತುಸು ಹೆಚ್ಚಿನ ಪೆಟ್ರೋಲಿಗೆ ಸಮ. ಅಷ್ಟೇ ದೂರಕ್ಕೆ ನನ್ನ ಹಳೆಯ ಕಾರು 11 ಲೀಟರ್ ಕುಡಿಯುತ್ತಿತ್ತು. ಓಡಿಸುವ ಖರ್ಚಿನಲ್ಲಿ ಇದಕ್ಕೆ ಸಾಟಿಯಿಲ್ಲವೆಂಬುದನ್ನು ಮನಸಾರೆ ಒಪ್ಪುತ್ತೇನೆ. ಆದರೆ ನಾನಿರುವುದು ಬಾಡಿಗೆಯ ಮೇಲ್ಮಹಡಿಯಲ್ಲಿ. ಕಾರು ನಿಲ್ಲಿಸುವ ಜಾಗಕ್ಕೆ ವಿದ್ಯುತ್ ಸಂಪರ್ಕವಿಲ್ಲ. ಆ ಎರಡು ವಾರ ಸಾರ್ವಜನಿಕ ವೇಗದ ಚಾರ್ಜರಿಗೆ ತೆತ್ತ ಹಣ ಮನೆಯ ವಿದ್ಯುತ್ ದರಕ್ಕಿಂತ ಬಹಳ ಹೆಚ್ಚಾಗಿತ್ತು, ಅಲ್ಲಿ ಕಾಯುತ್ತ ಕುಳಿತ ಹೊತ್ತು ಬೇರೆ. ನಿಲ್ಲಿಸುವ ಜಾಗದಲ್ಲಿ ಸ್ವಂತ ಪ್ಲಗ್ ಇರುವವರು ನನ್ನ ತೀರ್ಮಾನವನ್ನು ಅನುಸರಿಸಬೇಕಾಗಿಲ್ಲ.

ಇಂಧನದಾಚೆಗೂ ಸಣ್ಣ ಕಾರಿನ ಪರವಾಗಿ ಹೇಳಬೇಕಾದದ್ದಿದೆ. ಅದರ 14 ಇಂಚಿನ ಟೈರು ಹಳೆಯ ಕಾರಿನ 18 ಇಂಚಿನದಕ್ಕಿಂತ ಎಷ್ಟೋ ಅಗ್ಗ, ಸರ್ವಿಸ್‌ಗೆ ಹಿಡಿಯುವ ಆಯಿಲ್ ಕಡಿಮೆ, ವಿಮೆಯೂ ಕಡಿಮೆ. ಕಳೆದುಕೊಂಡದ್ದೂ ಉಂಟು. ಮಂಡಿನೋವಿರುವ ನನ್ನ ಅಮ್ಮನಿಗೆ ಎತ್ತರದ ಹಳೆಯ ಕಾರಿನಿಂದ ಇಳಿಯುವುದು ಸುಲಭವಾಗಿತ್ತು. ತಗ್ಗಿನ ಸೀಟಿನಿಂದ ಏಳುವಾಗ ಅವರು ಬಾಗಿಲನ್ನು ಹಿಡಿದುಕೊಳ್ಳುವುದನ್ನು ಕಂಡಾಗ ಸಂಕಟವಾಯಿತು, ದಪ್ಪ ಮೆತ್ತೆಯೊಂದನ್ನು ಹಾಕಿಸಿದೆ. ಭಾರಿ ವಾಹನಕ್ಕೆ ಡಿಕ್ಕಿಯಾದರೆ ಹಗುರ ಕಾರಿನಲ್ಲಿರುವವರಿಗೇ ಪೆಟ್ಟು ಹೆಚ್ಚು ಎಂಬುದೂ ಸತ್ಯ. ಆದಕಾರಣ ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದ ಕಾರುಗಳನ್ನು, ಎಷ್ಟೇ ಅಗ್ಗವಾಗಿದ್ದರೂ, ನೋಡುವುದಕ್ಕೂ ಹೋಗಲಿಲ್ಲ.

ಹಳೆಯ ಕಾರನ್ನೇ ಇಟ್ಟುಕೊಳ್ಳುವುದೂ ಒಂದು ಆಯ್ಕೆ ಎಂಬುದನ್ನು ಮರೆಯಬಾರದು. ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡಿಸುವವರಿಗೆ 9ರಿಂದ 18ಕ್ಕೆ ಏರಿದರೂ ಉಳಿಯುವುದು 222 ಲೀಟರ್. ಕಾರು ಗಟ್ಟಿಮುಟ್ಟಾಗಿದ್ದರೆ ಅಷ್ಟಕ್ಕಾಗಿ ಬದಲಾಯಿಸುವುದನ್ನು ನಾನು ಸಲಹೆ ಮಾಡುವುದಿಲ್ಲ. ಹೊಸ ಕಾರಿನ ಬೆಲೆ ಮೊದಲ ಕೆಲವು ವರ್ಷಗಳಲ್ಲಿಯೇ ಎಲ್ಲಕ್ಕಿಂತ ವೇಗವಾಗಿ ಕುಸಿಯುತ್ತದೆ, ಆ ನಷ್ಟ ಉಳಿಸಿದ ಪೆಟ್ರೋಲನ್ನೆಲ್ಲ ನುಂಗಿಹಾಕಬಲ್ಲದು.

ನಾನು ಕೊಂಡದ್ದು ನಾಲ್ಕು ವರ್ಷ ಹಳೆಯದಾದ ಸಣ್ಣ ಪೆಟ್ರೋಲ್ ಕಾರನ್ನು. ಎಂಟು ತಿಂಗಳಲ್ಲಿ 8,100 ಕಿ.ಮೀ. ಓಡಿ 452 ಲೀಟರ್ ಕುಡಿದಿದೆ. ನನ್ನ ಹಳೆಯ ಕಾರಾಗಿದ್ದರೆ ಇಷ್ಟರಲ್ಲಿ 900 ಲೀಟರ್ ಮುಗಿದಿರುತ್ತಿತ್ತು.