ಕಪ್ಪು ಅಕ್ಕಿಯ ಅನ್ನ: ಕುಕ್ಕರೋ, ತೆರೆದ ಎಸರೋ, ಹಬೆಯೋ?

ಕಪ್ಪು ಅಕ್ಕಿ ಬೆಂದಿದೆಯೇ ಎಂಬುದು ಬರೀ ಕಣ್ಣಿಗೆ ತಿಳಿಯುವುದಿಲ್ಲ. ಬಿಳಿ ಅನ್ನವಾದರೆ ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತದೆ. ಇದು ಹಸಿಯಿದ್ದಾಗಲೂ ಕಪ್ಪು, ಅರೆಬೆಂದಾಗಲೂ ಕಪ್ಪು. ಹಾಗಾಗಿ ನಾನು ಒಂದು ಅಗುಳನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟು ಹಿಸುಕುತ್ತೇನೆ. ಬೆಂದಿದ್ದರೆ ಮೇಲಿನ ಪದರ ಉದ್ದಕ್ಕೆ ಸೀಳಿ ಒಳಗಿನ ನಸುನೇರಳೆ ತಿರುಳು ಮೆತ್ತಗೆ ಹೊರಬರುತ್ತದೆ. ತಿರುಳಿನ ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೂ ಹತ್ತು ನಿಮಿಷ ಉರಿ ಬೇಕು. ಕೆಳಗೆ ಹೇಳುವ ಎಲ್ಲ ವಿಧಾನಗಳನ್ನೂ ಈ ಒಂದೇ ಪರೀಕ್ಷೆಯಿಂದ ಅಳೆದಿದ್ದೇನೆ.

ನನ್ನ ತವರು ಉಡುಪಿಯ ಕಡೆ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವರಿಗೆ ನಿಧಾನವಾಗಿ ಬೇಯುವ ಅಕ್ಕಿ ಹೊಸದಲ್ಲ. ಆದರೂ ಬೆಂಗಳೂರಿನ ಮನೆಯಲ್ಲಿ ಮೊದಲ ಸಲ ಕಪ್ಪು ಅಕ್ಕಿ ಮಾಡಿದಾಗ ಸೋನಾ ಮಸೂರಿಯಂತೆ ತೊಳೆದು, ಒಂದಕ್ಕೆ ಎರಡು ನೀರಿಟ್ಟು, ಕುಕ್ಕರ್ ಮೂರು ಕೂಗು ಕೂಗಿಸಿ ಇಳಿಸಿದೆ. ಮಾವನವರು ಎರಡು ತುತ್ತು ಅಗಿದು, ಏನೂ ಹೇಳದೆ ತಟ್ಟೆಯನ್ನು ಬದಿಗೆ ಸರಿಸಿದರು. ಅವರ ಸಕ್ಕರೆ ಕಾಯಿಲೆಯ ನೆಪದಲ್ಲೇ ತಂದ ಅಕ್ಕಿ ಅದು. ಅವರು ಇಷ್ಟಪಟ್ಟು ಉಣ್ಣುವಂತೆ ಮಾಡಬೇಕೆಂದು ಮೂರು ಭಾನುವಾರ ಕೂತು, ಪ್ರತಿ ಸಲ ನೂರು ಗ್ರಾಂ ಅಕ್ಕಿ ತೂಗಿ, ಬೇರೆಬೇರೆ ರೀತಿಯಲ್ಲಿ ಬೇಯಿಸಿದೆ. ಕಪ್ಪಾದರೂ ಅಕ್ಕಿ ಅಕ್ಕಿಯೇ, ಆದ್ದರಿಂದ ಅವರಿಗೆ ವೈದ್ಯರು ಹೇಳಿದ ಅಳತೆಯನ್ನು ಮೀರಿ ಬಡಿಸುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನನ್ನ ಬಳಿ ಇದ್ದದ್ದು ಎರಡು ತಳಿ. ಒಂದು ತಮಿಳುನಾಡಿನ ಕರುಪ್ಪು ಕವುನಿ, ಚೆಟ್ಟಿನಾಡಿನ ಮದುವೆಮನೆಗಳಲ್ಲಿ ಸಕ್ಕರೆ, ತುಪ್ಪ, ತೆಂಗಿನತುರಿ ಬೆರೆಸಿ ಸಿಹಿಯಾಗಿ ಬಡಿಸುವ ಅಕ್ಕಿ. ಇನ್ನೊಂದು ಮಣಿಪುರದ ಚಾಕ್ ಹಾವೊ. ಅಲ್ಲಿಯ ಭಾಷೆಯಲ್ಲಿ ಹೆಸರಿನ ಅರ್ಥವೇ ರುಚಿಯಾದ ಅಕ್ಕಿ. 2020ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ನಮ್ಮ ಮೇಲಿನ ಮಹಡಿಯಲ್ಲಿರುವ ಇಂಫಾಲದ ಹುಡುಗಿ ರಜೆ ಮುಗಿಸಿ ಬರುವಾಗ ಒಂದು ಕಿಲೋ ತಂದುಕೊಟ್ಟಳು. ಚೀಲ ಬಿಚ್ಚಿದರೆ ಬೇಯಿಸುವ ಮೊದಲೇ ಸಣ್ಣ ಪರಿಮಳ. ಕೊಳ್ಳುವಾಗ ಒಂದು ಎಚ್ಚರ ಬೇಕು: ಹೊಟ್ಟು ಕಪ್ಪಗಿರುವ ಭತ್ತವೆಲ್ಲ ಕಪ್ಪು ಅಕ್ಕಿಯಲ್ಲ. ಕೇರಳದ ನವರದಲ್ಲಿ ಕಪ್ಪು ಹೊಟ್ಟಿನ ಬಗೆಯೊಂದಿದೆ, ಒಳಗಿನ ಅಕ್ಕಿ ಮಾತ್ರ ಕೆಂಪು. ನಿಜವಾದ ಕಪ್ಪು ಅಕ್ಕಿಯ ಕಾಳನ್ನು ಮುರಿದು ನೋಡಿದರೆ ಒಳಗೆಲ್ಲ ಬಿಳಿ, ತೌಡಿನ ಪದರವಷ್ಟೇ ಕಪ್ಪು.

ಬೇಯದೆ ಸತಾಯಿಸುವುದೂ ಆ ತೌಡೇ. ಪಾಲಿಶ್ ಮಾಡಿದ ಅಕ್ಕಿಗೆ ನೀರು ನೇರವಾಗಿ ಇಳಿಯುತ್ತದೆ. ಇಲ್ಲಿ ತೌಡಿನ ಪದರ ಅಡ್ಡ ನಿಂತು ನೀರನ್ನು ಒಳಗೆ ಬಿಡುವುದಿಲ್ಲ. ಅದಕ್ಕೇ ನೆನೆಸುವುದು. ರಾತ್ರಿ ಒಂಬತ್ತಕ್ಕೆ ನೆನೆಹಾಕಿದ ನೂರು ಗ್ರಾಂ ಕವುನಿ ಬೆಳಿಗ್ಗೆ ಏಳಕ್ಕೆ ಬಸಿದು ತೂಗಿದಾಗ 128 ಗ್ರಾಂ ಆಗಿತ್ತು. ಅಷ್ಟು ನೀರು ಒಲೆ ಹತ್ತಿಸುವ ಮೊದಲೇ ಕಾಳಿನೊಳಗೆ ಸೇರಿಕೊಂಡಿತು. ತೊಳೆಯುವುದನ್ನು ಮಾತ್ರ ನೆನೆಸುವ ಮೊದಲೇ, ಎರಡೇ ನೀರಿನಲ್ಲಿ, ಕೈಯಿಂದ ಉಜ್ಜದೆ ಮುಗಿಸಬೇಕು. ನೀರು ತಿಳಿಯಾಗುವವರೆಗೆ ತೊಳೆಯುತ್ತೇನೆಂದು ಹೊರಟರೆ ಹತ್ತು ಸಲ ತೊಳೆದರೂ ನೇರಳೆ ಬರುತ್ತಲೇ ಇರುತ್ತದೆ. ಅದು ಕೊಳೆಯಲ್ಲ, ಬೇಸಿಗೆಯಲ್ಲಿ ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಆಂಥೋಸಯಾನಿನ್ ಎಂಬ ಬಣ್ಣದ ಬಳಗವೇ. ನೀರಿನಲ್ಲಿ ಕರಗುವ ಬಣ್ಣ ಅದು, ಹಾಗಾಗಿ ನೆನೆಸಿದ ನೀರನ್ನು ಚೆಲ್ಲದೆ ಅದರಲ್ಲೇ ಬೇಯಿಸುತ್ತೇನೆ. ಬೇಸಿಗೆಯಲ್ಲಿ ಪಾತ್ರೆಯನ್ನು ಫ್ರಿಜ್ಜಿನೊಳಗೆ ಇಡುತ್ತೇನೆ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ನೀರು ಹುಳಿ ವಾಸನೆ ಹಿಡಿಯುತ್ತದೆ.

ಈಗ ಕುಕ್ಕರಿನ ವಿಚಾರ. ನೆನೆಸದೆ ಇಟ್ಟ ಅಕ್ಕಿಗೆ ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ 28 ನಿಮಿಷ ಹಿಡಿಯಿತು. ಅಷ್ಟಾದರೂ ಹಿಸುಕಿದ ಹತ್ತು ಅಗುಳಿನಲ್ಲಿ ಎರಡರಲ್ಲಿ ಬಿಳಿ ಚುಕ್ಕೆ ಇತ್ತು. ನೆನೆಸಿದ ಅಕ್ಕಿ, ಒಳಪಾತ್ರೆಯಲ್ಲಿ ನೆನೆಸಿದ ನೀರೂ ಸೇರಿ ಒಂದಕ್ಕೆ ಎರಡು ಲೋಟ ನೀರು, ಒಂದು ಕೂಗು, ಆಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ, ಒತ್ತಡ ತಾನಾಗಿಯೇ ಇಳಿಯುವವರೆಗೆ ಮುಚ್ಚಳ ಮುಟ್ಟದಿರುವುದು: ಇದರಲ್ಲಿ ಒಂದೇ ಒಂದು ಅಗುಳೂ ಹಸಿ ಉಳಿಯಲಿಲ್ಲ. ಕೂಗುಗಳನ್ನು ಎಣಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೂಗು ಎಂದರೆ ಹೆಚ್ಚಾದ ಹಬೆ ಹೊರಹೋದ ಸದ್ದು, ಅಷ್ಟೇ. ದೊಡ್ಡ ಉರಿಯಲ್ಲಿ ಐದು ನಿಮಿಷಕ್ಕೆ ನಾಲ್ಕು ಕೂಗಬಹುದು, ಸಣ್ಣ ಉರಿಯಲ್ಲಿ ಹದಿನೈದು ನಿಮಿಷವಾದರೂ ಒಂದೂ ಕೂಗದಿರಬಹುದು. ಗಡಿಯಾರ ನೋಡಬೇಕು.

ಚಾಕ್ ಹಾವೊ ಕುಕ್ಕರಿಗೆ ಅಷ್ಟಾಗಿ ಒಗ್ಗಲಿಲ್ಲ. ಅದು ಅಂಟುವ ಜಾತಿಯ ಅಕ್ಕಿ. ಒಳಪಾತ್ರೆ ಇಲ್ಲದೆ ನೇರವಾಗಿ ಕುಕ್ಕರಿಗೆ ಸುರಿದ ದಿನ ನೇರಳೆ ನೊರೆ ಉಕ್ಕಿ ಕೂಗಿನ ತೂತಿನಿಂದ ಚಿಮ್ಮಿ ಗೋಡೆಗೆ ಬಿತ್ತು. ಇಂಥ ಗಂಜಿನೊರೆ ಆ ತೂತನ್ನು ಕಟ್ಟಿಬಿಟ್ಟರೆ ಅಪಾಯ. ಒಳಪಾತ್ರೆಯಲ್ಲೇ ಇಡಬೇಕು, ಅಕ್ಕಿ ನೀರು ಎರಡೂ ಸೇರಿ ಅರ್ಧಕ್ಕಿಂತ ಮೇಲೆ ಬರಬಾರದು. ನೀರೂ ಒಂದಕ್ಕೆ ಒಂದೂವರೆ ಸಾಕು.

ತೆರೆದ ಪಾತ್ರೆಯ ಅನ್ನದ ಮೇಲೆ ನನಗೆ ಬಹಳ ಪ್ರೀತಿ. ದಪ್ಪ ತಳದ ಪಾತ್ರೆಯಲ್ಲಿ ಎಸರು ಕುದಿ ಬಂದ ಮೇಲೆ ನೆನೆದ ಅಕ್ಕಿ ಹಾಕಿ, ಉರಿ ಸಣ್ಣದು ಮಾಡಿ, ಮುಚ್ಚಿ, ನೀರು ಇಂಗುವವರೆಗೆ ಬೇಯಿಸುವುದು. ಕವುನಿಗೆ ಒಂದಕ್ಕೆ ಎರಡೂಕಾಲು ನೀರು, 40 ನಿಮಿಷ, ಇಳಿಸಿದ ಮೇಲೆ ಹತ್ತು ನಿಮಿಷ ಹಾಗೆಯೇ ಬಿಡಬೇಕು. ಅಗುಳು ಅಗುಳೂ ಬೇರೆಯಾಗಿ ನಿಂತು, ಅಗಿದರೆ ಸಣ್ಣಗೆ ಕಡಲೆಕಾಯಿಯ ರುಚಿ ಬರುವುದು ಈ ಅನ್ನದಲ್ಲಿ ಮಾತ್ರ. ಕುಕ್ಕರಿನ ಅನ್ನ ಮೆತ್ತಗಿರುತ್ತದೆ ನಿಜ, ಆದರೆ ಆ ರುಚಿ ಅಲ್ಲಿ ಸ್ವಲ್ಪ ಮಂಕಾಗುತ್ತದೆ. ತೊಂದರೆ ಎಂದರೆ ಗ್ಯಾಸು ಮತ್ತು ಸಮಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒತ್ತಡದ ಕುಕ್ಕರಿನೊಳಗೆ 120 ಡಿಗ್ರಿಯವರೆಗೂ ಏರುತ್ತದೆ. ಈ ಅಂತರವನ್ನು ತೆರೆದ ಪಾತ್ರೆ ನಿಮಿಷಗಳಲ್ಲಿ ತುಂಬಿಕೊಡಬೇಕಾಗುತ್ತದೆ. ಅದೇ ಅಕ್ಕಿಯನ್ನು ತವರಿನಲ್ಲಿ ಅಮ್ಮನ ಒಲೆಯ ಮೇಲೆ ಬೇಯಿಸಿದಾಗ ಐದಾರು ನಿಮಿಷ ಮೊದಲೇ ಇಳಿಸಿದೆವು.

ಗ್ಯಾಸು ಉಳಿಸುವ ದಾರಿ ತೋರಿಸಿದ್ದೂ ಅಮ್ಮನೇ. ಕರಾವಳಿಯಲ್ಲಿ ಕುಚ್ಚಲಕ್ಕಿಗೆ ಬಳಸುವ ಥರ್ಮಲ್ ಕುಕ್ಕರ್ ಅವರ ಮನೆಯಲ್ಲಿದೆ. ಕುದಿಯುವ ಪಾತ್ರೆಯನ್ನು ಒಳಗಿಟ್ಟು ಮುಚ್ಚಿದರೆ ಬಿಸಿ ಹೊರಹೋಗದಂತೆ ಕಾಯುವ ಡಬ್ಬ ಅದು. "ಅಷ್ಟು ಹೊತ್ತು ಬೆಂಕಿ ಯಾಕೆ ಮಗಳೇ, ಒಂದು ಕುದಿ ಬರಿಸಿ ಇದರಲ್ಲಿಡು" ಎಂದರು. ಒಂದು ಕುದಿಗೆ ಕಪ್ಪು ಅಕ್ಕಿ ಜಗ್ಗಲಿಲ್ಲ. ನೆನೆಸಿದ ಅಕ್ಕಿಯನ್ನು 15 ನಿಮಿಷ ಚೆನ್ನಾಗಿ ಕುದಿಸಿ ಡಬ್ಬದೊಳಗಿಟ್ಟು ಒಂದೂವರೆ ಗಂಟೆ ಬಿಟ್ಟಾಗ ಬಂದ ಅನ್ನ ತೆರೆದ ಎಸರಿನ ಅನ್ನಕ್ಕೆ ಎಲ್ಲ ವಿಧದಲ್ಲೂ ಸಮ. ತಳ ಹಿಡಿಯುವ ಚಿಂತೆ ಇಲ್ಲ, ಪಕ್ಕದಲ್ಲಿ ನಿಲ್ಲಬೇಕಿಲ್ಲ. ಬೆಳಗಿನ ತಿಂಡಿಯ ಜೊತೆ ಕುದಿಸಿಟ್ಟರೆ ಮಧ್ಯಾಹ್ನಕ್ಕೆ ಅನ್ನ ಸಿದ್ಧ. ಆ ಡಬ್ಬ ಮನೆಯಲ್ಲಿರುವವರು ಬೇರೆ ವಿಧಾನ ಹುಡುಕಬೇಕಾಗಿಯೇ ಇಲ್ಲ.

ಕುಚ್ಚಲಕ್ಕಿಯಂತೆ ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದೂ ನೋಡಿದೆ. ಉದುರುದುರಾದ ಅನ್ನವೇನೋ ಬಂತು, ಆದರೆ ಬಸಿದ ತಿಳಿ ಶಾಯಿಯಂತೆ ಕಡುನೇರಳೆಯಾಗಿತ್ತು, ಅನ್ನ ಕಂದು ಬಣ್ಣಕ್ಕೆ ತಿರುಗಿತ್ತು. ಯಾವುದಕ್ಕಾಗಿ ಈ ಅಕ್ಕಿ ಕೊಂಡೆವೋ ಅದರಲ್ಲಿ ಒಂದು ಪಾಲು ತಿಳಿಗೆ ಹೋಯಿತು. ಆ ತಿಳಿಗೆ ಉಪ್ಪು, ಮಜ್ಜಿಗೆ, ಜಜ್ಜಿದ ಶುಂಠಿ ಸೇರಿಸಿ ಕುಡಿದೆವು, ಚೆನ್ನಾಗಿತ್ತು. ಬಸಿದ ಅನ್ನ ಮಾತ್ರ ಮತ್ತೆ ಮಾಡಲಿಲ್ಲ. ವಿದ್ಯುತ್ ರೈಸ್ ಕುಕ್ಕರಿನಲ್ಲಿ ನೀರು ಇಂಗಿದ ತಕ್ಷಣ ಗುಂಡಿ ಹಾರಿ ನಿಂತಿತು, ಅಕ್ಕಿ ಇನ್ನೂ ಗಟ್ಟಿ. ಅರ್ಧ ಲೋಟ ಬಿಸಿನೀರು ಸುರಿದು ಮತ್ತೊಮ್ಮೆ ಒತ್ತಿದ ಮೇಲೆ ಸರಿಹೋಯಿತು.

ಹಬೆಯ ಬಗ್ಗೆ ನನಗೆ ಮೊದಲು ನಂಬಿಕೆ ಇರಲಿಲ್ಲ. ಇಂಫಾಲದ ಹುಡುಗಿಯ ಚಾಕ್ ಹಾವೊ ಕುಕ್ಕರಿನಲ್ಲಿ ಮುದ್ದೆಯಾದದ್ದನ್ನು ಕಂಡು, ಒಂದು ಹಿಡಿಯಷ್ಟನ್ನು ಇಡ್ಲಿ ಪಾತ್ರೆಯಲ್ಲಿ ಒದ್ದೆ ಬಟ್ಟೆ ಹಾಸಿ ಬೇಯಿಸಿದೆ. ಹತ್ತು ಗಂಟೆ ನೆನೆದು ಬಸಿದ ಅಕ್ಕಿ, ಇಪ್ಪತ್ತನೆಯ ನಿಮಿಷಕ್ಕೆ ಮುಚ್ಚಳ ತೆಗೆದು ನೆನೆಸಿದ ನೀರನ್ನೇ ಕೈಯಿಂದ ಚಿಮುಕಿಸಿ, ಅಗುಳುಗಳನ್ನು ಮೇಲೆ ಕೆಳಗೆ ಮಾಡಿ, ಮತ್ತೆ 25 ನಿಮಿಷ. ಮುಚ್ಚಳ ತೆಗೆದಾಗ ಅಡುಗೆಮನೆಯಿಂದ ಪಡಸಾಲೆಯವರೆಗೂ ಪರಿಮಳ. ಅಗುಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಒಂದೂ ಒಡೆದಿರಲಿಲ್ಲ, ಕಪ್ಪು ಮೈ ಹೊಳೆಯುತ್ತಿತ್ತು. ಕವುನಿಯನ್ನು ಇದೇ ರೀತಿ ಮಾಡಿದರೆ ಬಿರುಸಾಗಿಯೇ ಉಳಿಯಿತು. ಅಂಟುವ ಅಕ್ಕಿಗೆ ಹಬೆ, ಉದುರುವ ಅಕ್ಕಿಗೆ ಎಸರು ಎಂಬುದು ಆಮೇಲೆ ನನ್ನ ಮನೆಯ ಕಟ್ಟಳೆಯಾಯಿತು. ಬಟ್ಟೆಗೆ ಹತ್ತಿದ ಕಲೆ ಹೋಗುವುದಿಲ್ಲ, ಹಳೆಯ ಪಂಚೆಯ ತುಂಡು ಸಾಕು.

ಎರಡನೆಯ ಭಾನುವಾರ ಕಾವೇರಿ ನೀರು ಬರಲಿಲ್ಲ, ಬೋರ್‌ವೆಲ್ ನೀರಿನಲ್ಲಿ ಬೇಯಿಸಿದೆ. ಅದೇ ಅಕ್ಕಿ, ಅದೇ ಕುಕ್ಕರ್, ಅನ್ನ ಮಾತ್ರ ಬೂದಿ ಬೆರೆತ ನೀಲಿ. ಅಕ್ಕಿ ಕೆಟ್ಟಿತೆಂದು ಮನೆಯವರು ಹೆದರಿದರು. ಕಾರಣ ನೀರಿನ ಕ್ಷಾರ. ಈ ಬಣ್ಣ ಹುಳಿಗೆ ಕೆಂಪಾಗುತ್ತದೆ, ಕ್ಷಾರಕ್ಕೆ ನೀಲಿಯತ್ತ ಸರಿಯುತ್ತದೆ. ನೆನೆಸಿದ ನೀರನ್ನು ಎರಡು ಬಟ್ಟಲಿಗೆ ಹಾಕಿ ಒಂದಕ್ಕೆ ನಾಲ್ಕು ಹನಿ ನಿಂಬೆರಸ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ಮಕ್ಕಳಿಗೆ ತೋರಿಸಿ: ಒಂದು ಕುಂಕುಮದ ನೀರಾಗುತ್ತದೆ, ಇನ್ನೊಂದು ನೀಲಿಹಸಿರು. ಗಡಸು ನೀರೇ ಗತಿಯಾದ ದಿನ ಇಳಿಸಿದ ಅನ್ನಕ್ಕೆ ಅರ್ಧ ಹೋಳು ನಿಂಬೆ ಹಿಂಡಿದರೆ ಬಣ್ಣ ಮರಳಿ ಬರುತ್ತದೆ. ಚಿತ್ರಾನ್ನ ಮಾಡುವವರಿಗಂತೂ ಇದು ಕಣ್ಣಿಗೂ ಹಬ್ಬ.

ಮಾವನವರ ತಟ್ಟೆಗೆ ಕೊನೆಗೆ ಒಗ್ಗಿದ್ದು ಬೆರಕೆ ಅನ್ನ. ನೆನೆಸಿದ ಕವುನಿ ಒಂದು ಪಾಲು, ಸೋನಾ ಮಸೂರಿ ಎರಡು ಪಾಲು. ಕವುನಿಯನ್ನು ಮೊದಲು ಒಂಟಿಯಾಗಿ ಕುಕ್ಕರಿನಲ್ಲಿ ಹತ್ತು ನಿಮಿಷ ಬೇಯಿಸಿ, ಆಮೇಲೆ ಬಿಳಿ ಅಕ್ಕಿ ಮತ್ತು ಅದರ ಪಾಲಿನ ನೀರು ಸೇರಿಸಿ ಎರಡು ಕೂಗು. ಎರಡನ್ನೂ ಒಟ್ಟಿಗೇ ಇಟ್ಟರೆ ಒಂದು ಕರಗುವ ಹೊತ್ತಿಗೂ ಇನ್ನೊಂದು ಗಟ್ಟಿಯಾಗಿರುತ್ತದೆ. ಪೂರಾ ಕಪ್ಪು ಅನ್ನಕ್ಕೆ ಬೇಳೆ ಸಾರು ಬೆರೆಯದು ಎನ್ನುವ ಅವರು ಈ ನೇರಳೆ ಅನ್ನಕ್ಕೆ ಬಸ್ಸಾರು ಹಾಕಿಸಿಕೊಂಡು, ಕಡೆಗೆ ಮೊಸರನ್ನೂ ಕಲಸಿಕೊಂಡು ಉಂಡರು.

ಇನ್ನು ಪಾಯಸ. ಮಣಿಪುರದಲ್ಲಿ ಹಬ್ಬದೂಟಕ್ಕೆ ಚಾಕ್ ಹಾವೊ ಖೀರು ಇರಲೇಬೇಕೆಂದು ಮಹಡಿಯ ಹುಡುಗಿ ಹೇಳಿದಳು. ಅಕ್ಕಿಯನ್ನು ನೇರವಾಗಿ ಹಾಲಿನಲ್ಲಿ ಬೇಯಿಸಲು ಹೋಗಿ ಒಂದೂಕಾಲು ಗಂಟೆ ಕೈಯಾಡಿಸಿದೆ, ಹಾಲು ಬತ್ತಿ ಕೆನೆಗಟ್ಟಿತೇ ಹೊರತು ಕಾಳು ಬೇಯಲಿಲ್ಲ. ಮರುದಿನ ನೀರಿನಲ್ಲಿ ಪೂರ್ತಿ ಬೇಯಿಸಿ, ಸೌಟಿನ ಬೆನ್ನಿನಿಂದ ಅರ್ಧದಷ್ಟನ್ನು ಮಸೆದು, ಆಮೇಲೆ ಬಿಸಿ ಹಾಲು ಸೇರಿಸಿದಾಗ ಇಪ್ಪತ್ತೇ ನಿಮಿಷದಲ್ಲಿ ಹದ ಬಂತು. ಸಿಹಿ ಕೊನೆಗೇ ಹಾಕಬೇಕು, ಮೊದಲೇ ಬಿದ್ದರೆ ಅರೆಬೆಂದ ಕಾಳು ಹಾಗೆಯೇ ನಿಂತುಬಿಡುತ್ತದೆ. ಬೆಲ್ಲವಾದರೆ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ, ಹಾಲು ಒಡೆಯದಂತೆ. ಎರಡು ಏಲಕ್ಕಿ ಕುಟ್ಟಿ ಹಾಕಿ ಅವಳಿಗೊಂದು ಲೋಟ ಕೊಟ್ಟೆ. ಅವಳು ಚಮಚದಿಂದ ಒಂದು ಅಗುಳನ್ನು ಬೇರೆ ತೆಗೆದು, ಬೆರಳ ನಡುವೆ ಹಿಸುಕಿ ನೋಡಿ, ಆಮೇಲೆ ಕುಡಿದಳು.