ಆಡಿಟರ್ ಆಫೀಸಿನ ಮೂಲೆಯಲ್ಲಿ ಒಂದು ಬ್ಯಾಕಪ್ ಸರ್ವರ್: ಎಂಟು ತಿಂಗಳ ಅನುಭವ

"ಏನಪ್ಪಾ, ಇದು ಕಳ್ಳ ಸಾಫ್ಟ್‌ವೇರಾ?"

ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಿ, ಆಡಿಟರ್ ಸಾರ್‌ಗೆ ತೋರಿಸೋಣ ಅಂತ ಲಾಗಿನ್ ಆದೆ. ಅವರ ಬಾಯಿಂದ ಬಂದ ಮೊದಲ ಮಾತು ಇದು. ತಪ್ಪು ಅವರದ್ದಲ್ಲ. ಲಾಗಿನ್ ಆದ ತಕ್ಷಣ, ನಿಮ್ಮ ಹತ್ತಿರ ಸರಿಯಾದ ಸಬ್‌ಸ್ಕ್ರಿಪ್ಶನ್ ಇಲ್ಲ ಅಂತ ಒಂದು ಕಿಟಕಿ ಎದ್ದು ನಿಲ್ಲುತ್ತದೆ. ಊರಿನವರ ಲೆಕ್ಕ ಪರಿಶೀಲಿಸುವ ಮನುಷ್ಯನಿಗೆ ಅದನ್ನು ತೋರಿಸಿದರೆ ಇನ್ನೇನು ಕೇಳುತ್ತಾರೆ?

ನಾನು ತುಮಕೂರಿನಲ್ಲಿ ನಾಲ್ಕೈದು ಕಡೆ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಎಸ್.ಎಸ್. ಪುರಂನ ಈ ಆಡಿಟರ್ ಆಫೀಸ್ ಅದರಲ್ಲಿ ಒಂದು. ಒಂದೇ ಸರ್ವರ್, ಅದರ ಮೇಲೆ ಪ್ರಾಕ್ಸ್‌ಮಾಕ್ಸ್ (ಒಂದು ಕಂಪ್ಯೂಟರನ್ನು ಹಲವು ಕಂಪ್ಯೂಟರಿನ ಹಾಗೆ ಓಡಿಸುವ ಸಾಫ್ಟ್‌ವೇರ್), ಅದರೊಳಗೆ ಮೂರು ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರಿನಲ್ಲೇ ಓಡುವ ಕಂಪ್ಯೂಟರ್‌ಗಳು. ಒಂದರಲ್ಲಿ ಲೆಕ್ಕ ಬರೆಯುವ ಟ್ಯಾಲಿ, ಇನ್ನೊಂದರಲ್ಲಿ ಸ್ಕ್ಯಾನ್ ಮಾಡಿದ ಕಾಗದಗಳು, ಮೂರನೆಯದರಲ್ಲಿ ಟ್ಯಾಕ್ಸ್ ಸಾಫ್ಟ್‌ವೇರ್. ಒಟ್ಟು 310 ಜಿಬಿ. ಮೊದಲು ವಾರಕ್ಕೊಮ್ಮೆ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಪೂರ್ತಿ ಕಾಪಿ ಹಾಕುತ್ತಿದ್ದೆ. ನಾಲ್ಕು ಕಾಪಿಗೆ ಡಿಸ್ಕ್ ತುಂಬುತ್ತಿತ್ತು. ಹಳೆಯದನ್ನು ಅಳಿಸು, ಹೊಸದನ್ನು ತುಂಬು, ಇದೇ ಕೆಲಸ. ಎಂಟು ತಿಂಗಳ ಹಿಂದೆ ಅದನ್ನು ಬಿಟ್ಟು, ಬ್ಯಾಕಪ್‌ಗೆಂದೇ ಪ್ರಾಕ್ಸ್‌ಮಾಕ್ಸ್‌ನವರೇ ಮಾಡಿರುವ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಿದೆ.

ಆಡಿಟರ್ ಪ್ರಶ್ನೆಗೆ ಉತ್ತರ: ಕಳ್ಳ ಮಾಲಲ್ಲ. ವಿಯೆನ್ನಾದ ಕಂಪನಿಯದ್ದು, 2020ರ ನವೆಂಬರ್‌ನಲ್ಲಿ ಮೊದಲ ಆವೃತ್ತಿ ಬಂತು. ಓಪನ್ ಸೋರ್ಸ್, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ದುಡ್ಡಿಲ್ಲದೆ ಬಳಸಬಹುದು, ಯಾವ ಸೌಲಭ್ಯಕ್ಕೂ ಬೀಗ ಹಾಕಿಲ್ಲ. ದುಡ್ಡು ಕೊಟ್ಟರೆ ಅವರ ಬೆಂಬಲ ಮತ್ತು ಹೆಚ್ಚು ಪರೀಕ್ಷೆ ಮಾಡಿದ ಅಪ್‌ಡೇಟ್‌ಗಳು ಸಿಗುತ್ತವೆ. ಕೊಡದಿದ್ದರೆ ಅಪ್‌ಡೇಟ್ ತರುವ ಜಾಗವನ್ನು ನಾವೇ ಬದಲಿಸಿಕೊಳ್ಳಬೇಕು, ಇಲ್ಲಾಂದ್ರೆ 401, ಅಂದರೆ ಅನುಮತಿ ಇಲ್ಲ, ಅಂತ ಎರರ್ ಬರುತ್ತದೆ. ಲೈಸೆನ್ಸ್ ಪತ್ರ ಪ್ರಿಂಟ್ ತೆಗೆದು ಸಾರ್ ಟೇಬಲ್ ಮೇಲಿಟ್ಟೆ. ಓದಿದರೋ ಇಲ್ಲವೋ ಗೊತ್ತಿಲ್ಲ, ಫೈಲ್ ಮಾತ್ರ ಮಾಡಿಸಿದರು.

ಇನ್ನು ಡಿಸ್ಕ್ ಕಥೆ. ಇಲ್ಲಿ ನಾನು ಬುದ್ಧಿ ಕಲಿತೆ. ಮೂಲೆಯಲ್ಲಿದ್ದ ಹಳೆ ಐ5 ಡೆಸ್ಕ್‌ಟಾಪ್ ತೆಗೆದುಕೊಂಡೆ, 8 ಜಿಬಿ ರ್‍ಯಾಮ್ ಇತ್ತು. ಅಷ್ಟು ಸಾಕು. 4 ಜಿಬಿ, ಅದರ ಮೇಲೆ ಒಂದೊಂದು ಟಿಬಿ ಸ್ಟೋರೇಜ್‌ಗೆ ಒಂದೊಂದು ಜಿಬಿ ಅಂತ ಕಂಪನಿಯವರೇ ಹೇಳುತ್ತಾರೆ. ಡಿಸ್ಕ್ ತರಲು ಅಂಗಡಿಗೆ ಹೋದರೆ, "ಬ್ಯಾಕಪ್‌ಗೆ ತಾನೇ ಸಾರ್, ಇದೇ ಸಾಕು" ಅಂತ 4 ಟಿಬಿಯ ಎರಡು ಅಗ್ಗದ ಡಿಸ್ಕ್ ಕೊಟ್ಟರು. ನಾನೂ ಕೇಳಲಿಲ್ಲ. ಅವು ಎಸ್‌ಎಂಆರ್ ಡಿಸ್ಕ್‌ಗಳು. ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿ ಬರೆಯುವ ಜಾತಿ. ಒಂದು ಸಾಲು ತಿದ್ದಬೇಕಾದರೆ ಪಕ್ಕದ ಸಾಲುಗಳನ್ನೂ ಎತ್ತಿ ಮತ್ತೆ ಜೋಡಿಸಬೇಕು. ರಾತ್ರಿ 8:30ಕ್ಕೆ ಶುರು ಮಾಡಿದ ಮೊದಲ ಬ್ಯಾಕಪ್ ಅರ್ಧ ಗಂಟೆ ಚೆನ್ನಾಗಿಯೇ ಓಡಿತು. ಆಮೇಲೆ ತೆವಳಿತು. ಬೆಳಿಗ್ಗೆ ಆಫೀಸ್ ಬಾಗಿಲು ತೆಗೆದಾಗಲೂ ಮುಗಿದಿರಲಿಲ್ಲ.

ಈ ಸಾಫ್ಟ್‌ವೇರ್ ಕೆಲಸ ಮಾಡುವ ರೀತಿಯೇ ಹಾಗೆ. ವರ್ಚುವಲ್ ಮಷೀನಿನ ಡಿಸ್ಕನ್ನು 4 ಎಂಬಿಯ ತುಂಡುಗಳಾಗಿ ಕತ್ತರಿಸುತ್ತದೆ. ಪ್ರತಿ ತುಂಡನ್ನೂ ಎಸ್‌ಎಚ್‌ಎ-256 ಅನ್ನುವ ಲೆಕ್ಕದಿಂದ, ಬೆರಳಚ್ಚಿನ ಹಾಗೆ, ಗುರುತಿಸುತ್ತದೆ. ಅದೇ ತುಂಡು ಮೊದಲೇ ಇದ್ದರೆ ಮತ್ತೆ ಬರೆಯುವುದಿಲ್ಲ. ಹಾಗಾಗಿ ಡಿಸ್ಕ್ ಮೇಲೆ ಸಾವಿರಗಟ್ಟಲೆ ಸಣ್ಣ ಫೈಲುಗಳು ಬೀಳುತ್ತವೆ, ಓದುವಾಗ ಅಲ್ಲಿಂದಿಲ್ಲಿಗೆ ಓಡಾಡಬೇಕು. ತಿರುಗುವ ಡಿಸ್ಕ್‌ಗೆ ಇದು ಹಿಂಸೆ. 1 ಟಿಬಿಯ ಎರಡು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ತಂದು, ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುವ ಹಾಗೆ ಮಿರರ್ ಹಾಕಿದೆ. ಅದೇ ಮೊದಲ ಬ್ಯಾಕಪ್ ಒಂದೂವರೆ ಗಂಟೆಗೆ ಮುಗಿಯಿತು. ಹಳೆ ಡಿಸ್ಕ್‌ಗಳು ಈಗ ಮನೆಯಲ್ಲಿ ಮದುವೆ ವಿಡಿಯೋ ಹೊತ್ತುಕೊಂಡು ಕೂತಿವೆ.

ಎಸ್‌ಎಸ್‌ಡಿ ದುಬಾರಿ ಅನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಒಂದೊಂದು ಮಷೀನಿಗೂ 14 ದಿನದ್ದು, 6 ವಾರದ್ದು, 6 ತಿಂಗಳದ್ದು ಅಂತ 26 ಬ್ಯಾಕಪ್ ಇಟ್ಟಿದ್ದೇನೆ. ಹಳೆ ರೀತಿಯಲ್ಲಾದರೆ ಅದು 8 ಟಿಬಿ ದಾಟುತ್ತಿತ್ತು. ಈಗ ಹಿಡಿದಿರುವ ಜಾಗ 260 ಜಿಬಿ. ದಿನದ ಬ್ಯಾಕಪ್ ಮೂರ್ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ.

ಆದರೆ ಒಂದು ರಾತ್ರಿ ಟ್ಯಾಲಿ ಮಷೀನ್ ಒಂದೇ 40 ನಿಮಿಷ ತೆಗೆದುಕೊಂಡಿತ್ತು. ವೈರಸ್ ಹೊಕ್ಕು ಎಲ್ಲಾ ಫೈಲ್ ಬದಲಾಯಿತೇನೋ ಅಂತ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಆಫೀಸಿನಿಂದ ಫೋನ್. "ಅಣ್ಣ, ಟ್ಯಾಲಿನೇ ಬರ್ತಿಲ್ಲ." ನಡೆದದ್ದು ಇಷ್ಟೇ: ಹಿಂದಿನ ಸಂಜೆ ಹೊಸದಾಗಿ ಸೇರಿದ ಹುಡುಗಿ ಹೊರಡುವಾಗ ಲೈಟ್ ಆಫ್, ಫ್ಯಾನ್ ಆಫ್, ಜೊತೆಗೆ ಟ್ಯಾಲಿ ಮಷೀನಿನ ವಿಂಡೋಸ್ ಕೂಡ ಶಟ್‌ಡೌನ್ ಮಾಡಿ ಹೋಗಿದ್ದಳು. ಶಿಸ್ತಿನ ಹುಡುಗಿ, ಬೈಯೋಕೂ ಆಗಲಿಲ್ಲ. ಮಷೀನ್ ಓಡುತ್ತಿರುವಷ್ಟು ಕಾಲ, ಅದರ ಡಿಸ್ಕಿನ ಯಾವ ಭಾಗ ಬದಲಾಯಿತು ಅಂತ ಪ್ರಾಕ್ಸ್‌ಮಾಕ್ಸ್ ಒಂದು ಗುರುತು ಇಟ್ಟುಕೊಳ್ಳುತ್ತದೆ. ಇದಕ್ಕೆ ಡರ್ಟಿ ಬಿಟ್‌ಮ್ಯಾಪ್ ಅನ್ನುತ್ತಾರೆ. ಲೆಡ್ಜರ್‌ನಲ್ಲಿ ತಿದ್ದಿದ ಪುಟಕ್ಕೆ ಕಿವಿ ಮಡಚಿಟ್ಟ ಹಾಗೆ. ಮಷೀನ್ ಆಫ್ ಮಾಡಿದರೆ ಮಡಚಿದ ಕಿವಿಗಳೆಲ್ಲ ನೇರ. ಮತ್ತೆ ಮೊದಲ ಪುಟದಿಂದ ಓದಬೇಕು. ಆಗಲೂ ಹೊಸ ತುಂಡುಗಳನ್ನಷ್ಟೇ ಕಳಿಸುತ್ತದೆ, ಜಾಗವೇನೂ ಜಾಸ್ತಿ ಹಿಡಿಯುವುದಿಲ್ಲ. ಸಮಯ ಮಾತ್ರ ಹೋಗುತ್ತದೆ. ಈಗ ಶಟ್‌ಡೌನ್ ಬಟನ್ನನ್ನೇ ಮರೆಮಾಡಿದ್ದೇನೆ.

ತಲೆ ಕೆಡಿಸಿದ ಇನ್ನೊಂದು ವಿಷಯ ಜಾಗ ಖಾಲಿ ಮಾಡುವುದು. ಪ್ರಯೋಗಕ್ಕೆ ಹಾಕಿದ್ದ 80 ಜಿಬಿಯ ಒಂದು ಮಷೀನಿನ ಬ್ಯಾಕಪ್ ಅಳಿಸಿದೆ. ಜಾಗ ಹಾಗೇ ಇತ್ತು. ಗಾರ್ಬೇಜ್ ಕಲೆಕ್ಷನ್ ಓಡಿಸಿದೆ. ಆಗಲೂ ಹಾಗೇ! ಅಳಿಸುವುದು ಇನ್ನೂ ಬಾಕಿ ಇದೆ ಅಂತಷ್ಟೇ ಲಾಗ್‌ನಲ್ಲಿತ್ತು. ಎರಡು ಗಂಟೆ ಒದ್ದಾಡಿದ ಮೇಲೆ ಕೈಪಿಡಿ ತೆಗೆದೆ. ಬ್ಯಾಕಪ್ ಅಳಿಸಿದರೆ ಹೋಗುವುದು ಪಟ್ಟಿ ಮಾತ್ರ, ತುಂಡುಗಳು ಅಲ್ಲೇ ಇರುತ್ತವೆ. ಯಾರಿಗೂ ಬೇಡದ ತುಂಡು ಯಾವುದು ಅಂತ ಹುಡುಕಿ ತೆಗೆಯುವುದು ಗಾರ್ಬೇಜ್ ಕಲೆಕ್ಷನ್ ಕೆಲಸ. ಅದು ಕೂಡ 24 ಗಂಟೆ 5 ನಿಮಿಷದೊಳಗೆ ಯಾರಾದರೂ ಮುಟ್ಟಿದ ತುಂಡಿನ ಹತ್ತಿರ ಹೋಗುವುದಿಲ್ಲ. ಮರುದಿನ ಸಂಜೆ ಮತ್ತೆ ಓಡಿಸಿದೆ, ಜಾಗ ಬಿಟ್ಟಿತು. ಎಚ್ಚರಿಕೆಗೆ ಹಾಗೆ ಮಾಡಿದ್ದಾರೆ, ಸರಿ. ಆದರೆ ಡಿಸ್ಕ್ ತುಂಬಿ ಕೂತಾಗ ಈ ನಿಯಮ ಪ್ರಾಣ ತಿನ್ನುತ್ತದೆ. ಯಾವಾಗಲೂ ಕಾಲು ಭಾಗ ಖಾಲಿ ಬಿಡಿ.

ಇಷ್ಟೆಲ್ಲ ಕಷ್ಟಕ್ಕೆ ಫಲ ಸಿಕ್ಕಿದ್ದು ಹೋದ ತಿಂಗಳು 19ಕ್ಕೆ. ಮರುದಿನ ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸಲು ಕೊನೆ ದಿನ. ಬೆಳಿಗ್ಗೆ 11:40ಕ್ಕೆ ಆಫೀಸಿನ ಹುಡುಗ ಫೋನ್ ಮಾಡಿ ಪಿಸುಗುಟ್ಟಿದ. "ಅಣ್ಣ, ಒಂದು ತಪ್ಪಾಗೋಯ್ತು. ಸಾರ್‌ಗೆ ಹೇಳ್ಬೇಡಿ." ಒಬ್ಬ ಪಾರ್ಟಿ ಪೆನ್‌ಡ್ರೈವ್‌ನಲ್ಲಿ ಹಳೆ ಟ್ಯಾಲಿ ಬ್ಯಾಕಪ್ ತಂದಿದ್ದರು. ಇವನು ಅದನ್ನು ಟ್ಯಾಲಿಯಲ್ಲಿದ್ದ ಆ ಪಾರ್ಟಿಯ ಈಗಿನ ಲೆಕ್ಕದ ಮೇಲೆಯೇ ರಿಸ್ಟೋರ್ ಮಾಡಿದ್ದಾನೆ. ಮೂರು ತಿಂಗಳ ಎಂಟ್ರಿ ಮಾಯ.

ಬ್ರೌಸರ್ ತೆರೆದೆ. ಹಿಂದಿನ ರಾತ್ರಿಯ ಬ್ಯಾಕಪ್ ಆರಿಸಿ ಫೈಲ್ ರಿಸ್ಟೋರ್ ಒತ್ತಿದೆ. ಅರ್ಧ ನಿಮಿಷ ಚಕ್ರ ತಿರುಗಿತು. ಆಮೇಲೆ ವಿಂಡೋಸ್ ಡಿಸ್ಕ್ ಫೋಲ್ಡರ್ ಫೋಲ್ಡರ್ ಆಗಿ ಬಿಚ್ಚಿಕೊಂಡಿತು. ಟ್ಯಾಲಿ ಡೇಟಾ ಒಳಗೆ ಆ ಪಾರ್ಟಿಯ ಐದಂಕಿಯ ಫೋಲ್ಡರ್, 10047. ಅದೊಂದನ್ನೇ ಜಿಪ್ ಆಗಿ ಇಳಿಸಿ, ಕೆಟ್ಟ ಫೋಲ್ಡರ್ ಹೆಸರು ಬದಲಿಸಿ, ಅದರ ಜಾಗಕ್ಕೆ ಇದನ್ನಿಟ್ಟೆ. ಮಧ್ಯಾಹ್ನ 12 ಹೊಡೆಯುವುದರೊಳಗೆ ಟ್ಯಾಲಿಯಲ್ಲಿ ಆ ಲೆಕ್ಕ ತೆರೆದುಕೊಂಡಿತು. ಬೆಳಿಗ್ಗೆ ಹಾಕಿದ್ದ ಹತ್ತಿಪ್ಪತ್ತು ವೋಚರ್ ಮತ್ತೆ ಹಾಕಬೇಕಾಯಿತು, ಅಷ್ಟೇ. ಇಡೀ ಮಷೀನ್ ವಾಪಸ್ ಎಳೆದಿದ್ದರೆ ಉಳಿದ ಪಾರ್ಟಿಗಳ ಅರ್ಧ ದಿನದ ಕೆಲಸವೂ ಹೋಗುತ್ತಿತ್ತು. ಒಂದು ಸೂಚನೆ: ವಿಂಡೋಸ್ ಒಳಗೆ ಗೆಸ್ಟ್ ಏಜೆಂಟ್ ಅನ್ನುವ ಸಣ್ಣ ಪ್ರೋಗ್ರಾಂ ಹಾಕಿರಿ. ಬ್ಯಾಕಪ್ ಶುರುವಾಗುವ ಕ್ಷಣ ಡಿಸ್ಕ್ ಬರವಣಿಗೆಯನ್ನು ಅದು ಹಿಡಿದು ನಿಲ್ಲಿಸುತ್ತದೆ. ಇಲ್ಲದಿದ್ದರೆ ಅರ್ಧ ಬರೆದ ಫೈಲ್ ಸಿಗುವ ಸಾಧ್ಯತೆ ಇದೆ.

ಆಫೀಸಿನಲ್ಲೇ ಬೆಂಕಿ ಬಿದ್ದರೆ? ಅದಕ್ಕೆ ಬಟವಾಡಿಯ ನಮ್ಮ ಮನೆಯಲ್ಲಿ ಇನ್ನೊಂದು ಸಣ್ಣ ಸರ್ವರ್ ಇದೆ. ಮೊದಲ ಸಲ ಅದನ್ನು ಸ್ಕೂಟರ್ ಮುಂದೆ ಕಾಲಿಡುವ ಜಾಗದಲ್ಲಿಟ್ಟುಕೊಂಡು ಆಫೀಸಿಗೆ ಒಯ್ದು, ಅಲ್ಲಿನ ಲ್ಯಾನ್‌ನಲ್ಲೇ (ಆಫೀಸಿನೊಳಗಿನ ನೆಟ್‌ವರ್ಕ್) ತುಂಬಿಸಿಕೊಂಡು ಬಂದೆ. ಈಗ ರಾತ್ರಿ 2 ಗಂಟೆಗೆ ಹೊಸ ತುಂಡುಗಳನ್ನಷ್ಟೇ ಎಳೆದುಕೊಳ್ಳುತ್ತದೆ. ಎಳೆಯುವುದು ಮನೆಯ ಸರ್ವರ್, ಕಳಿಸುವುದು ಆಫೀಸಿನದ್ದಲ್ಲ. ಮನೆ ಸರ್ವರಿನ ಪಾಸ್‌ವರ್ಡ್ ಆಫೀಸಿನಲ್ಲಿ ಎಲ್ಲೂ ಇಲ್ಲ. ಅಲ್ಲಿ ಯಾರಾದರೂ ನುಗ್ಗಿದರೂ ಆ ದಾರಿಯಿಂದ ಇಲ್ಲಿಗೆ ಬರಲಾರರು.

ಜನರ ಲೆಕ್ಕಪತ್ರ ನನ್ನ ಮನೆಯಲ್ಲಿ ಬಿಚ್ಚಿ ಬಿದ್ದಿರಬಾರದು ಅಲ್ವಾ, ಅದಕ್ಕೆ ಬ್ಯಾಕಪ್ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ, ಹೊರಡುತ್ತದೆ. ಕೀ ಕಳೆದರೆ ಪ್ರಾಕ್ಸ್‌ಮಾಕ್ಸ್ ಕಂಪನಿಯವರಿಂದಲೂ ತೆರೆಯಲಾಗದು. ಕೀಯನ್ನು ಕ್ಯೂಆರ್ ಕೋಡ್ ಸಮೇತ ಕಾಗದದ ಮೇಲೆ ಪ್ರಿಂಟ್ ತೆಗೆಯುವ ಸೌಲಭ್ಯ ಇದೆ, ನನಗೆ ತುಂಬಾ ಹಿಡಿಸಿದ್ದು ಅದು. ಆ ಕಾಗದ ಈಗ ಸಾರ್ ಬೀರುವಿನಲ್ಲಿ, ಪಾರ್ಟಿಗಳ ಡಿಜಿಟಲ್ ಸಿಗ್ನೇಚರ್ ಟೋಕನ್‌ಗಳ ಡಬ್ಬಿಯ ಕೆಳಗಿದೆ.

ಕಂಪ್ಯೂಟರ್ ಕೆಲಸ ಬಾರದವರು ತಾವೇ ಹಾಕಿಕೊಳ್ಳುವ ಸಾಮಾನಲ್ಲ ಇದು. ಲಿನಕ್ಸ್ ಕಮಾಂಡ್ ಸ್ವಲ್ಪವಾದರೂ ಗೊತ್ತಿರಬೇಕು, ಕೈಪಿಡಿ ಎಲ್ಲಾ ಇಂಗ್ಲಿಷ್. ಒಂದೇ ಕಂಪ್ಯೂಟರ್ ಇರುವ ಅಂಗಡಿಗೆ ಇದು ಬೇಡ, ಪೆನ್‌ಡ್ರೈವ್ ಸಾಕು. ಎರಡು ಮೂರು ವರ್ಚುವಲ್ ಮಷೀನ್ ಇದ್ದರೆ ಕಣ್ಣು ಮುಚ್ಚಿ ಹಾಕಿ, ಆದರೆ ಡಿಸ್ಕ್ ಮಾತ್ರ ಕಣ್ಣು ಬಿಟ್ಟು ತಗೊಳ್ಳಿ.

ಮುಂದಿನ ವಾರ ಅಂತರಸನಹಳ್ಳಿಯ ಒಂದು ಅಕ್ಕಿ ಗಿರಣಿಗೆ ಇದನ್ನೇ ಹಾಕಬೇಕು. ಅಲ್ಲಿ ತೌಡಿನ ಧೂಳು ಬೀಳದ ಜಾಗ ಇನ್ನೂ ಸಿಕ್ಕಿಲ್ಲ.